ಬೆನ್ನಿಗೆ ಬಿಸಿಲು

ಕಳೆದ ಜೂನ್ ತಿಂಗಳಲ್ಲಿ ಲಕ್ಕೂರಿಗೆ ಹೋಗಿದ್ದಾಗ ತಂಗಿಯ ಮನೆ ಜಗಲಿಯ ಮೇಲೆ ಒಂದು ಪಂಚಾಯಿತಿ ನಡೆಯಿತು. ಅವಳ ಮೊಮ್ಮಗಳಿಗೆ ಬೆಂಗಳೂರಿನ ಕಾಲೇಜೊಂದರಲ್ಲಿ ಡಿಗ್ರಿಗೆ ಸೀಟು ಸಿಕ್ಕಿತ್ತು. ಹುಡುಗಿ ಅಲ್ಲೇ ಕಾಲೇಜಿನ ಹತ್ತಿರ ಪಿ.ಜಿ.ಯಲ್ಲಿ ಇರುವುದೋ, ದಿನಾ ಊರಿನಿಂದ ಅಪ್ ಅಂಡ್ ಡೌನ್ ಮಾಡುವುದೋ, ಇದು ವ್ಯಾಜ್ಯ. ಅವಳಮ್ಮ ಮಾಲೂರಿನ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟು ಮುಗಿಸಿ ಬಂದು ಗೋಡೆಗೆ ಒರಗಿದ್ದಳು. ನಾನು ಊರಿಗೆ ಬಂದ ಹಿರಿಯ, ಬೆಂಗಳೂರು ಕಂಡವನು, ಮೇಷ್ಟ್ರಾಗಿ ನಿವೃತ್ತನಾದವನು. ತೀರ್ಪು ನನ್ನ ಬಾಯಿಂದ ಬರಬೇಕೆಂದು ಎಲ್ಲರೂ ಕಾದಿದ್ದರು.

ಹುಡುಗಿ ಮೊಬೈಲಿನಲ್ಲಿ ಲೆಕ್ಕ ಬರೆದು ತಂದಿದ್ದಳು. ಒಂದು ಕಡೆ ಪಿ.ಜಿ.: ಮೂವರು ಹಂಚಿಕೊಳ್ಳುವ ರೂಮು, ಊಟ ಸೇರಿ ತಿಂಗಳಿಗೆ 8,500 ರೂಪಾಯಿ, ಅಡ್ವಾನ್ಸು ಬೇರೆ. ಇನ್ನೊಂದು ಕಡೆ ಅಪ್ ಅಂಡ್ ಡೌನ್: ಲಕ್ಕೂರಿನಿಂದ ಮಾಲೂರಿಗೆ ಸರ್ಕಾರಿ ಬಸ್ಸು, ಆಧಾರ್ ಕಾರ್ಡು ತೋರಿಸಿದರೆ ಸೊನ್ನೆ ರೂಪಾಯಿ ಟಿಕೆಟ್ಟು. ಮಾಲೂರಿನಿಂದ ವೈಟ್‌ಫೀಲ್ಡಿಗೆ ರೈಲು, ಅದಕ್ಕೆ ಪಾಸು. ಅಲ್ಲಿ ಇಳಿದು ಮೆಟ್ರೋ ಹತ್ತಿದರೆ ಸೆಂಟ್ರಲ್ ಕಾಲೇಜು ಸ್ಟೇಷನ್ನು. ಕೆಳಗೆ ಒಂದು ಸಾಲು: ‘ದಿನಕ್ಕೆ 5 ಗಂಟೆ’. ಹಿಂದುಳಿದ ವರ್ಗಗಳ ಹಾಸ್ಟೆಲಿಗೂ ಅರ್ಜಿ ಹಾಕುತ್ತಾಳಂತೆ. ಅಲ್ಲಿ ಸೀಟು ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಾರೆ ಎಂಬುದನ್ನೂ ಬರೆದುಕೊಂಡಿದ್ದಳು.

“ತಾತ, ನೀವು ಮೂರು ವರ್ಷ ಅಪ್ ಅಂಡ್ ಡೌನ್ ಮಾಡಿದ್ರಂತಲ್ಲ. ಎಂಗಿತ್ತು?”

ಮೊರದಲ್ಲಿ ಹುರುಳಿಕಾಳು ಕೇರುತ್ತಿದ್ದ ತಂಗಿ ತಲೆ ಎತ್ತಲಿಲ್ಲ. ಮೊರದ ಸದ್ದು ಮಾತ್ರ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಮೂರು ವರ್ಷ ಎಂದು ಎಲ್ಲರಿಗೂ ಹೇಳಿಕೊಂಡು ಬಂದವನು ನಾನೇ. ತರಗತಿಗೆ ತಡವಾಗಿ ಬಂದ ಹುಡುಗರನ್ನು ಬಾಗಿಲಲ್ಲೇ ನಿಲ್ಲಿಸಿ ಈ ಕತೆ ಹೇಳುತ್ತಿದ್ದೆ: ನಾನು ಲಕ್ಕೂರಿನಿಂದ ಬೆಂಗಳೂರಿಗೆ ಮೂರು ವರ್ಷ ದಿನಾ ಹೋಗಿಬಂದವನು, ನಿಮಗೆ ಪಕ್ಕದ ಬೀದಿಯಿಂದ ಬರುವುದಕ್ಕೆ ಏನು ಧಾಡಿ? ಹೇಳಿ ಹೇಳಿ ನನಗೇ ನಿಜವಾಗಿಹೋಗಿತ್ತು. ಸರಿಯಾದ ಲೆಕ್ಕ ಒಂದೂವರೆ ವರ್ಷ. 1983ರ ಜುಲೈಯಿಂದ 1984ರ ಡಿಸೆಂಬರ್‌ವರೆಗೆ. ಉಳಿದ ಒಂದೂವರೆ ವರ್ಷ ನಾನು ಎಲ್ಲಿದ್ದೆ ಎಂಬುದು ಆ ಜಗಲಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಲಕ್ಕೂರು ಮಾಲೂರು ತಾಲ್ಲೂಕಿನ ಒಂದು ಹೋಬಳಿ. ಹೊರಗಿನವರಿಗೆ ಗುರುತು ಹೇಳಬೇಕೆಂದರೆ ಚಿಕ್ಕತಿರುಪತಿಯ ಹೆಸರು ಹೇಳಬೇಕು. ಆ ವೆಂಕಟರಮಣಸ್ವಾಮಿ ಇರುವುದು ನಮ್ಮ ಹೋಬಳಿಯಲ್ಲೇ. ಶ್ರಾವಣ ಶನಿವಾರಗಳಲ್ಲಿ ಬೆಂಗಳೂರೇ ನಮ್ಮ ಕಡೆಗೆ ಬರುತ್ತಿತ್ತು. ಮಿಕ್ಕ ದಿನಗಳಲ್ಲಿ ನಾವು ಅದರ ಕಡೆಗೆ ಹೋಗಬೇಕು. ಮನೆಯಲ್ಲಿ ಕನ್ನಡ, ಹೊಲದಲ್ಲಿ ತೆಲುಗು, ಸಂತೆಯಲ್ಲಿ ತಮಿಳೂ ನಡೆಯುವ ಗಡಿಸೀಮೆ. ನಮಗೆ ಎರಡು ಎಕರೆ ಹೊಲ. ಒಂದರಲ್ಲಿ ರಾಗಿ, ಬಾವಿಯಲ್ಲಿ ನೀರಿದ್ದಷ್ಟು ಕಾಲ ಇನ್ನೊಂದರಲ್ಲಿ ಹಿಪ್ಪುನೇರಳೆ. ಎರಡು ಸೀಮೆಹಸು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಅಮ್ಮನಿಗೂ ಇಲ್ಲ.

ಪಿ.ಯು.ಸಿ.ಯನ್ನು ಮಾಲೂರಿನಲ್ಲಿ ಮುಗಿಸಿದೆ. ವಿಜ್ಞಾನದಲ್ಲಿ ಡಿಗ್ರಿ ಮಾಡಲು ಒಂದೋ ಕೋಲಾರಕ್ಕೆ ಹೋಗಬೇಕು, ಇಲ್ಲ ಬೆಂಗಳೂರಿಗೆ. ಆಗ ನಮ್ಮ ಜಿಲ್ಲೆಯ ಕಾಲೇಜುಗಳೆಲ್ಲ ಬೆಂಗಳೂರು ವಿಶ್ವವಿದ್ಯಾಲಯಕ್ಕೇ ಸೇರಿದ್ದವು. ಎಲ್ಲಿ ಓದಿದರೂ ಸರ್ಟಿಫಿಕೇಟಿನ ಮೇಲೆ ಅದೇ ಮುದ್ರೆ. ಆದರೂ ಊರಿನವರ ಬಾಯಲ್ಲಿ ‘ಬೆಂಗಳೂರಾಗೆ ಓದ್ತವ್ನೆ’ ಎಂಬುದರ ತೂಕವೇ ಬೇರೆ. ಬಸ್ಸು ಬದಲಾಯಿಸಿಕೊಂಡು ಕೋಲಾರಕ್ಕೆ ಹೋಗುವುದಕ್ಕಿಂತ ಮಾಲೂರಿನಲ್ಲಿ ರೈಲು ಹತ್ತುವುದು ಸಲೀಸು ಎಂದು ನಾನೂ ವಾದಿಸಿ ಗೆದ್ದೆ. ಇನ್ನು ಉಳಿದದ್ದು, ಇರುವುದೆಲ್ಲಿ ಎಂಬ ಪ್ರಶ್ನೆ.

ಅದನ್ನು ಅಪ್ಪ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ. ಊರಿನ ಮೇಷ್ಟ್ರೊಬ್ಬರು ಅವನಿಗೆ ಎಚ್. ನರಸಿಂಹಯ್ಯನವರ ಕತೆ ಹೇಳಿದ್ದರು. ಗೌರಿಬಿದನೂರು ಆಗ ನಮ್ಮ ಕೋಲಾರ ಜಿಲ್ಲೆಗೇ ಸೇರಿತ್ತು. ಅಲ್ಲಿಂದ ಬಡ ಹುಡುಗನೊಬ್ಬ ಬಸ್ಸಿನ ದುಡ್ಡಿಲ್ಲದೆ ನಡೆದೇ ಬೆಂಗಳೂರಿಗೆ ಹೋಗಿ ನ್ಯಾಷನಲ್ ಹೈಸ್ಕೂಲಿಗೆ ಸೇರಿ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯಕ್ಕೇ ಕುಲಪತಿಯಾದ ಕತೆ. “ಅವ್ರು ನಡ್ಕೊಂಡು ಓದವ್ರೆ. ನಿಂಗೆ ರೈಲೈತೆ,” ಅಂದ ಅಪ್ಪ. ಎದುರುತ್ತರವಿಲ್ಲ. ಎಷ್ಟೋ ವರ್ಷಗಳಾದ ಮೇಲೆ ನರಸಿಂಹಯ್ಯನವರ ಆತ್ಮಕತೆ ‘ಹೋರಾಟದ ಹಾದಿ’ ಓದಿದಾಗ ನಗು ಬಂತು. ಅವರು ಹಾಗೆ ನಡೆದುಹೋದದ್ದು ಒಂದು ಸಲ. ಆಮೇಲೆ ಬೆಂಗಳೂರಿನಲ್ಲೇ ಉಳಿದರು. ಕುಲಪತಿಯಾದ ಮೇಲೂ ಅವರಿಗೆ ಮನೆಯೆಂದರೆ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯೇ. ನಡೆದ ಕತೆಯನ್ನು ನಾಡೆಲ್ಲ ಹೇಳುತ್ತದೆ. ಹಾಸ್ಟೆಲಿನ ಕತೆ ಹೇಳಿ ಮಕ್ಕಳಿಗೆ ಬುದ್ಧಿ ಕಲಿಸಿದವರನ್ನು ನಾನು ಕಂಡಿಲ್ಲ.

ನನ್ನ ದಿನ ಶುರುವಾಗುತ್ತಿದ್ದದ್ದು ಹಾಲ್ಟಿಂಗ್ ಬಸ್ಸಿನಿಂದ. ಹಳ್ಳಿಗಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿ ಕೊನೆಯ ಟ್ರಿಪ್ಪಿಗೆ ಬಂದ ಕೆಂಪು ಬಸ್ಸು ಊರಲ್ಲೇ ನಿಲ್ಲುತ್ತದೆ. ಡ್ರೈವರು, ಕಂಡಕ್ಟರು ಅದರಲ್ಲೇ ಮಲಗಿ ಬೆಳಗಿನ ಜಾವ ಮೊದಲ ಟ್ರಿಪ್ಪು ಹೊರಡಿಸುತ್ತಾರೆ. ನಮ್ಮ ಮನೆ ಬಸ್ಸು ನಿಲ್ಲುವ ಅರಳಿಕಟ್ಟೆಗೆ ಹತ್ತಿರ. ರಾತ್ರಿ ಅವರಿಗೆ ಒಂದು ಚೊಂಬು ಮಜ್ಜಿಗೆ, ಬೆಳಿಗ್ಗೆ ಮುಖಕ್ಕೆ ಬಿಸಿನೀರು, ಇದು ಅಮ್ಮನ ಲಂಚ. ಅದಕ್ಕೆ ಪ್ರತಿಯಾಗಿ ಡ್ರೈವರು ಐದೂಕಾಲಿಗೆ ಒಂದು ಸಲ, ಐದೂವರೆಗೆ ಎರಡು ಸಲ ಹಾರನ್ ಹೊಡೆಯುತ್ತಿದ್ದ. ಮೊದಲಿನದಕ್ಕೆ ನಾನು ಏಳುತ್ತಿದ್ದೆ. ಎರಡನೆಯದಕ್ಕೆ ಬುತ್ತಿ ಹಿಡಿದು ಓಡುತ್ತಿದ್ದೆ. ಒಂದೊಂದು ದಿನ ನಾನಿನ್ನೂ ಚಪ್ಪಲಿ ಹುಡುಕುತ್ತಿರುವಾಗಲೇ ಬಸ್ಸು ಮೆಲ್ಲಗೆ ಉರುಳಿ ಮನೆಯ ಮುಂದಕ್ಕೇ ಬಂದು ನಿಂತದ್ದೂ ಉಂಟು.

ನಾನು ಎದ್ದದ್ದು ಐದೂಕಾಲಿಗೆ. ಹಾಗಾದರೆ ಬುತ್ತಿಯಲ್ಲಿದ್ದ ರಾಗಿರೊಟ್ಟಿ, ಹುಚ್ಚೆಳ್ಳಿನ ಪುಡಿ, ಮಧ್ಯಾಹ್ನಕ್ಕೆ ಚಿತ್ರಾನ್ನ, ಇವೆಲ್ಲ ಎಷ್ಟು ಹೊತ್ತಿಗೆ ಎದ್ದವು? ಒಂದೂವರೆ ವರ್ಷದಲ್ಲಿ ಒಂದು ದಿನವೂ ನನಗೆ ಆ ಲೆಕ್ಕ ಹೊಳೆಯಲಿಲ್ಲ. ಹೊಗೆ ಕಣ್ಣಿಗೆ ಬಂದರೆ “ಏನಮ್ಮಾ ಇದು” ಎಂದು ಮಗ್ಗುಲು ಬದಲಿಸಿದ ನೆನಪು ಮಾತ್ರ ಇದೆ. ಒಲೆಯ ಮುಂದೆ ಅಮ್ಮ ಇರುತ್ತಿದ್ದಳು. ಲಾಟೀನು ಹಿಡಿದು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವಳು ತಂಗಿ. ಅವಳು ಆಗ ಮಾಲೂರಿನಲ್ಲಿ ಪಿ.ಯು.ಸಿ.; ಎಂಟು ಗಂಟೆಯ ಬಸ್ಸಿಗೆ ಹೋಗುತ್ತಿದ್ದಳು. ಡೇರಿಗೆ ಹಾಲು ಹಾಕಿ, ರೇಷ್ಮೆ ಹುಳುಮನೆಗೆ ಸೊಪ್ಪು ಕೊಯ್ದು ತಂದು, ಆಮೇಲೆ.

ರೈಲು ಬೇರೆಯೇ ಲೋಕ. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ಈ ಹಳಿ ಬಿದ್ದದ್ದು 1864ರಲ್ಲಿ. ಚಿನ್ನದ ಗಣಿಗಾಗಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ಕವಲು ಒಡೆದದ್ದು 1894ರಲ್ಲಿ. ನಮ್ಮ ಗಾಡಿ ಬರುತ್ತಿದ್ದದ್ದು ಆ ಮಾರಿಕುಪ್ಪದ ಕಡೆಯಿಂದಲೇ. ಹಾಗಾಗಿ ಸೀಟುಗಳೆಲ್ಲ ಕೆ.ಜಿ.ಎಫ್.ನವರಿಗೆ, ಬಂಗಾರಪೇಟೆಯವರಿಗೆ ಹೆಚ್ಚೆಂದರೆ ಒರಗುವ ಜಾಗ, ಮಾಲೂರಿನವರು ನಿಂತೇ ಹೋಗತಕ್ಕವರು. ಗುಲಾಬಿ ಬುಟ್ಟಿ, ಸೊಪ್ಪಿನ ಕಟ್ಟು, ಹಾಲಿನ ಕ್ಯಾನು ಬಾಗಿಲ ಬಳಿ ಕೂಡುತ್ತಿದ್ದವು. ಬೀಡಿಯ ಹೊಗೆ, ಮಲ್ಲಿಗೆಯ ವಾಸನೆ, ಯಾರದೋ ಡಬ್ಬಿಯ ಸಾಂಬಾರು. ತಮಿಳಿನಲ್ಲಿ ಶುರುವಾದ ಜಗಳ ತೆಲುಗಿನಲ್ಲಿ ಬೆಳೆದು ಕನ್ನಡದಲ್ಲಿ ರಾಜಿಯಾಗುತ್ತಿತ್ತು. ಟವೆಲು ಹಾಸಿಕೊಂಡು ಇಸ್ಪೀಟು ಆಡುವ ಗುಂಪು ಒಂದು, ಭಜನೆ ಹೇಳುವ ಗುಂಪು ಇನ್ನೊಂದು.

ಸೀಸನ್ ಟಿಕೆಟ್ಟಿನವರಲ್ಲಿ ಬಹುಪಾಲು ಕಾರ್ಖಾನೆಯವರು. ಕೆ.ಆರ್. ಪುರದಲ್ಲಿ ಐ.ಟಿ.ಐ.ನವರು ಇಳಿದರೆ ಅರ್ಧ ಡಬ್ಬಿ ಖಾಲಿ. ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್.ನವರು ಇಳಿದರೆ ಉಳಿದ ಅರ್ಧ. ಅಲ್ಲಿಂದ ಸಿಟಿಯವರೆಗೆ ನಮಗೂ ಸೀಟು. ಐ.ಟಿ.ಐ.ಗೆ ಹೋಗುತ್ತಿದ್ದ ಹಿರಿಯರೊಬ್ಬರು ನನ್ನನ್ನು ‘ಸ್ಟೂಡೆಂಟು’ ಎಂದೇ ಕರೆಯುತ್ತಿದ್ದರು. ಅವರು ಮೊದಲ ವಾರ ಹೇಳಿದ ಮಾತೊಂದು ಇನ್ನೂ ನೆನಪಿದೆ. ನಾನು ಯಾವ ಕಿಟಕಿಯ ಕಡೆ ನಿಂತರೆ ಬಿಸಿಲು ಬೀಳದು ಎಂದು ಹುಡುಕುತ್ತಿದ್ದೆ. “ಹುಡುಕಬೇಡ ಸ್ಟೂಡೆಂಟು. ಬೆಳಿಗ್ಗೆ ಗಾಡಿ ಪಡುವಣಕ್ಕೆ ಹೋಗ್ತದೆ, ಸಾಯಂಕಾಲ ಮೂಡಣಕ್ಕೆ ಬರ್ತದೆ. ನಮ್ಮ ಬಿಸಿಲು ಯಾವಾಗಲೂ ಬೆನ್ನಿಗೇ,” ಅಂದರು. ಇಪ್ಪತ್ತು ವರ್ಷ ಒಂದೇ ಹಳಿಯ ಮೇಲೆ ತೂಗಿದ ಮನುಷ್ಯನ ಖಗೋಳಶಾಸ್ತ್ರ. ಆಮೇಲೆ ಎಷ್ಟೋ ಸಲ ತರಗತಿಯಲ್ಲಿ ದಿಕ್ಕುಗಳ ಪಾಠ ಹೇಳುವಾಗ ಇದನ್ನು ಕದ್ದು ಬಳಸಿದ್ದೇನೆ.

ರೈಲಿನ ಒಂದೂವರೆ ವರ್ಷವನ್ನು ಈಗ ಹೀಗೆ ಸಕ್ಕರೆ ಬೆರೆಸಿ ಹೇಳುತ್ತೇನೆ. ಆಗ ಅದು ಸಕ್ಕರೆಯಾಗಿರಲಿಲ್ಲ. ಮಧ್ಯಾಹ್ನದ ಪ್ರಾಕ್ಟಿಕಲ್ಲು ಮುಗಿಯುವಷ್ಟರಲ್ಲಿ ನಮ್ಮ ಗಾಡಿ ಹೊರಡುವ ಹೊತ್ತು. ಟೈಟ್ರೇಷನ್ ಅರ್ಧಕ್ಕೆ ಬಿಟ್ಟು ಕೆಂಪೇಗೌಡ ರಸ್ತೆಯಲ್ಲಿ ಓಡುತ್ತಿದ್ದೆ. ಎಕ್ಸ್‌ಪ್ರೆಸ್ ಗಾಡಿಗೆ ದಾರಿ ಬಿಡಲು ನಮ್ಮ ಗಾಡಿಯನ್ನು ದೇವನಗೊಂದಿಯಲ್ಲೋ ವೈಟ್‌ಫೀಲ್ಡಿನಲ್ಲೋ ನಿಲ್ಲಿಸಿದರೆ ಹಾಲ್ಟಿಂಗ್ ಬಸ್ಸು ತಪ್ಪುತ್ತಿತ್ತು. ಹಾಗೆ ತಪ್ಪಿದ ರಾತ್ರಿ ಮಾಲೂರು ಸ್ಟೇಷನ್ನಿನ ಬೆಂಚಿನ ಮೇಲೆ ಮಲಗಿ ಅಲ್ಲಿಂದಲೇ ಮತ್ತೆ ಬೆಳಗಿನ ಗಾಡಿ ಹತ್ತಿದ್ದೇನೆ. ಬೆಳಿಗ್ಗೆ ಗಾಡಿ ತಡವಾದರೆ ಮೊದಲ ತರಗತಿ ಹೋಯಿತು. ಎರಡನೆಯ ವರ್ಷದ ನಡುವಿಗೆ ಹಾಜರಿ ಸಾಲದೆಂದು ನೋಟಿಸ್ ಬೋರ್ಡಿನಲ್ಲಿ ನನ್ನ ನಂಬರು ಬಿತ್ತು. ಅಧ್ಯಾಪಕರೊಬ್ಬರು ಎಲ್ಲರ ಎದುರಿಗೆ, “ರೈಲಿನಲ್ಲಿ ಬರುವವರು ರೈಲಿನಲ್ಲೇ ಪರೀಕ್ಷೆ ಬರೆಯಿರಿ,” ಅಂದರು.

ಮನೆಯಲ್ಲಿ ಹೇಳಿದ್ದು ಅದನ್ನೇ. ಓದಲು ಆಗುತ್ತಿಲ್ಲ, ಹಾಜರಿ ಇಲ್ಲ, ರೂಮು ಮಾಡಬೇಕು. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಹುಳು ನಾಲ್ಕನೆಯ ಜ್ವರದಿಂದ ಎದ್ದ ಮೇಲಿನ ವಾರವೆಂದರೆ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಹಗಲೂ ರಾತ್ರಿ ಸೊಪ್ಪು ಹಾಕಬೇಕು, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ರಾತ್ರಿ ಒಂಬತ್ತಕ್ಕೆ ಮನೆ ಸೇರಿದವನನ್ನೂ ಅಪ್ಪ ತಟ್ಟೆಗಳ ಮುಂದೆ ಕೂರಿಸುತ್ತಿದ್ದ. ಆ ಹುಳುವಿನ ವಾಸನೆ ನನ್ನ ಅಂಗಿಗೆ ಅಂಟಿ ಕಾಲೇಜಿನವರೆಗೆ ಬರುತ್ತದೆಂದು ನನಗೆ ನಾಚಿಕೆ. ಪಕ್ಕದ ಹುಡುಗ ಒಂದು ದಿನ ಮೂಗಿಗೆ ಕರವಸ್ತ್ರ ಹಿಡಿದದ್ದು, ಬಹುಶಃ ಅವನ ನೆಗಡಿಗೇ ಇದ್ದೀತು, ನನಗೆ ವರ್ಷಗಟ್ಟಲೆ ಚುಚ್ಚಿತು. ಇನ್ನೂ ಒಂದಿತ್ತು. 1984ರಲ್ಲಿ ‘ಬಂಧನ’ ಸಿನಿಮಾ ಬಂದಾಗ ಊರೆಲ್ಲ ಅದರದೇ ಮಾತು. ಗೆಳೆಯರೆಲ್ಲ ಸೆಕೆಂಡ್ ಶೋಗೆ ಹೋದರು. ನನಗೆ ರೈಲು. ಆ ಸಂಜೆ ಸಿಟಿ ಸ್ಟೇಷನ್ನಿನ ಕಡೆಗೆ ಒಬ್ಬನೇ ಓಡುತ್ತ, ಈ ಊರಿನಲ್ಲಿ ಒಂದು ರಾತ್ರಿಯಾದರೂ ಕತ್ತಲಾದ ಮೇಲೆ ಇರಬೇಕು ಎಂದು ಆಸೆಪಟ್ಟೆ. ಹಾಜರಿಯ ನೋಟಿಸು ಆಮೇಲೆ ಬಂದದ್ದು. ರೂಮಿನ ಯೋಚನೆ ಅವತ್ತೇ ಮೊಳೆತಿತ್ತು.

1985ರ ಜನವರಿಯಲ್ಲಿ, ಸಂಕ್ರಾಂತಿ ಮುಗಿಸಿಕೊಂಡು, ಕಲಾಸಿಪಾಳ್ಯದ ಹಿಂದಿನ ವಠಾರವೊಂದರಲ್ಲಿ ರೂಮು ಹಿಡಿದೆವು, ನಾನು ಮತ್ತು ಶ್ರೀನಿವಾಸಪುರ ಕಡೆಯ ಒಬ್ಬ ಹುಡುಗ. ಅದಕ್ಕೆ ಮೊದಲು ನಾಲ್ಕಾರು ಕಡೆ ಕೇಳಿದ್ದೆವು. “ಯಾವ ಊರು?” ಆದ ಮೇಲೆ “ಯಾವ ಜನ?” ಬರುತ್ತಿತ್ತು. ಉತ್ತರ ಕೇಳಿ “ಆಮೇಲೆ ಹೇಳಿಕಳಿಸ್ತೀವಿ” ಅನ್ನುತ್ತಿದ್ದರು. ಬೆಂಗಳೂರಿನಲ್ಲಿ ಜಾತಿಗೊಂದು ವಿದ್ಯಾರ್ಥಿನಿಲಯ ಏಕೆ ಹುಟ್ಟಿತು ಎಂಬುದು ಪುಸ್ತಕ ಓದದೆಯೇ ಅರ್ಥವಾದದ್ದು ಆ ವಾರ. ಕೊನೆಗೆ ಸಿಕ್ಕ ರೂಮಿಗೆ ಕಿಟಕಿಯಿರಲಿಲ್ಲ. ಬತ್ತಿ ಸ್ಟವ್, ಎರಡು ಚಾಪೆ, ಆರು ಮನೆಗೆ ಒಂದು ನಲ್ಲಿ. ಬಾಡಿಗೆಗೆ ತಿಂಗಳು ತಿಂಗಳು ಹಾಲಿನ ಬಟವಾಡೆಯಿಂದ ಅಪ್ಪ ದುಡ್ಡು ಎತ್ತಿಡುತ್ತಿದ್ದ.

ಆ ಕಿಟಕಿಯಿಲ್ಲದ ರೂಮಿನಲ್ಲಿ ನಾನು ಸುಖವಾಗಿದ್ದೆ. ಇದನ್ನು ಹೇಳಲೇಬೇಕು. ಹಾರನ್ ಇಲ್ಲದ ಬೆಳಗು, ಲೈಬ್ರರಿಯಲ್ಲಿ ಬಾಗಿಲು ಹಾಕುವವರೆಗೆ ಕೂರುವುದು, ರಾತ್ರಿ ಹತ್ತಕ್ಕೆ ಬೀದಿಯಲ್ಲಿ ಟೀ ಕುಡಿಯುವುದು. ರಸಾಯನಶಾಸ್ತ್ರ ನಿಜವಾಗಿ ತಲೆಗೆ ಹತ್ತಿದ್ದೂ ಅಲ್ಲೇ. ನಾನು ಮೇಷ್ಟ್ರಾಗಿದ್ದರೆ ಅದು ರೈಲಿನ ಪುಣ್ಯವಲ್ಲ, ರೂಮಿನ ಪುಣ್ಯ. ಆದರೆ ರೂಮಿನ ಕತೆಗೆ ಹೊಳಪಿಲ್ಲ. ಅದಕ್ಕೇ ನಾನದನ್ನು ಯಾವ ಹುಡುಗರಿಗೂ ಹೇಳಲಿಲ್ಲ.

ಹೊಳಪಿಲ್ಲದ್ದಕ್ಕೆ ಮಾತ್ರವಲ್ಲ.

ಆ ವರ್ಷದ ಬೇಸಗೆಯಲ್ಲಿ ತಂಗಿಯ ಪಿ.ಯು.ಸಿ. ಫಲಿತಾಂಶ ಬಂತು. ಫಸ್ಟ್ ಕ್ಲಾಸು. ನನಗೆ ಬಂದದ್ದು ಸೆಕೆಂಡ್ ಕ್ಲಾಸು. ಕೆಲವು ದಿನಗಳಾದ ಮೇಲೆ ವಠಾರದ ವಿಳಾಸಕ್ಕೆ ಊರಿನಿಂದ ಒಂದು ಕಾಗದ ಬಂತು. ಅಪ್ಪ ಹೇಳಿ ಬರೆಸಿದ್ದು. ಮಳೆ ಇಲ್ಲ, ಬಾವಿ ತಳ ಕಂಡಿದೆ, ಕೆಂದ ಹಸು ಗಬ್ಬವಾಗಿದೆ. ಆಮೇಲೆ ವಿಷಯ. ತಂಗಿ ಮುಂದಕ್ಕೆ ಓದುತ್ತೇನೆ ಅನ್ನುತ್ತಿದ್ದಾಳೆ. ಹೆಣ್ಣುಹುಡುಗಿಯನ್ನು ರೂಮಿನಲ್ಲಿ ಬಿಡಲಾಗದು. ಐದೂವರೆ ಬಸ್ಸಿಗೆ, ಆ ರೈಲಿಗೆ ಒಬ್ಬಳನ್ನೇ ಕಳಿಸಲೂ ಧೈರ್ಯವಿಲ್ಲ. ನೀನು ಈ ಒಂದು ವರ್ಷ ಊರಿನಿಂದಲೇ ಹೋಗಿಬರುವುದಾದರೆ ನಿನ್ನ ಜೊತೆಯಲ್ಲಿ ಕಳಿಸುತ್ತೇನೆ. ವರ್ಷದಲ್ಲಿ ದಾರಿ ರೂಢಿಯಾಗುತ್ತದೆ. ಆಮೇಲೆ ಅವಳೇ ಹೋಗಿಬರುತ್ತಾಳೆ. ಯೋಚನೆ ಮಾಡಿ ಬರಿ.

ನಾನು ಎರಡು ದಿನ ಯೋಚನೆ ಮಾಡಿದೆ. ಮಾಡಿದೆನೆಂದು ನಂಬಿಕೊಂಡಿದ್ದೇನೆ. ಹದಿನೈದು ಪೈಸೆಯ ಕಾರ್ಡಿನಲ್ಲಿ ಉತ್ತರ ಬರೆದೆ. ಇದು ಕೊನೆಯ ವರ್ಷ, ಪರೀಕ್ಷೆ ಕಠಿಣ, ರೈಲಿನಲ್ಲಿ ಓಡಾಡಿದರೆ ಮತ್ತೆ ಹಾಜರಿ ತಪ್ಪುತ್ತದೆ, ಈ ವರ್ಷ ಆಗುವುದಿಲ್ಲ, ತಂಗಿ ಬೇಕಾದರೆ ಮುಂದಿನ ವರ್ಷ ನೋಡಬಹುದು. ಕಾರ್ಡಿನಲ್ಲಿ ಜಾಗ ಮಿಕ್ಕಿತ್ತು. ಅಮ್ಮನಿಗೆ ಕೆಮ್ಮು ಹೇಗಿದೆ ಎಂದು ಕೇಳಿ ಅದನ್ನು ತುಂಬಿಸಿದೆ.

ಮುಂದಿನ ವರ್ಷ ಯಾರೂ ನೋಡಲಿಲ್ಲ. ಅವಳಿಗೆ ಗಂಡು ನೋಡಿದರು. ಊರಲ್ಲೇ, ನೆಂಟರಲ್ಲೇ. ಮದುವೆಯ ಓಡಾಟವೆಲ್ಲ ನನ್ನದೇ. ಒಳ್ಳೆಯ ಅಣ್ಣ ಅನ್ನಿಸಿಕೊಂಡೆ.

ನಮ್ಮ ಮನೆಯಲ್ಲಿ ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ ಎಂದು ಮೊದಲೇ ಹೇಳಿದೆ. ನಾನು ಊರು ಬಿಟ್ಟ ಮೇಲೆ ಆ ಮನೆಯಲ್ಲಿ ಕಾಗದ ಬರೆಯುತ್ತಿದ್ದವಳು ತಂಗಿ. ಬಂದ ಕಾಗದವನ್ನು ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿ ಹೇಳುತ್ತಿದ್ದವಳೂ ಅವಳೇ. ಆ ಬೇಡಿಕೆಯ ಅಕ್ಷರ ಅವಳದು. ನನ್ನ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದ ಬಾಯಿಯೂ ಅವಳದೇ. ಕಾರ್ಡು ಬರೆಯುವಾಗ ಇದು ನನಗೆ ಗೊತ್ತಿರಲಿಲ್ಲವೆಂದು ಹೇಗೆ ಹೇಳಲಿ? ಆ ದುಂಡು ಅಕ್ಷರದ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡೇ ಬರೆದೆ.

ಆಮೇಲೆ ಕಾಲ ಉರುಳಿತು ಅನ್ನುತ್ತಾರಲ್ಲ, ನಮ್ಮ ಕಡೆ ಅದು ಅದೇ ಹಳಿಯ ಮೇಲೆ ಉರುಳಿತು. 2001ರ ಫೆಬ್ರವರಿ ಕೊನೆಯ ದಿನ ಕೆ.ಜಿ.ಎಫ್.ನ ಗಣಿ ಮುಚ್ಚಿತು. ಮರುವರ್ಷ ಎನ್.ಜಿ.ಇ.ಎಫ್. ಮುಚ್ಚಿತು. ಐ.ಟಿ.ಐ. ಸೊರಗಿತು. ಟವೆಲು ಹಾಸಿ ಇಸ್ಪೀಟು ಆಡುತ್ತಿದ್ದವರು ನಿವೃತ್ತರಾದರು. ಗಾಡಿ ಖಾಲಿಯಾಗಲಿಲ್ಲ, ಇನ್ನಷ್ಟು ತುಂಬಿತು. ಗಣಿ ಕಳೆದುಕೊಂಡ ಮನೆಗಳ ಮಕ್ಕಳು ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಆಫೀಸು, ಆಸ್ಪತ್ರೆ ಎಂದು ಬೆಂಗಳೂರಿಗೆ ಹರಿದರು. ನಮ್ಮ ಕಾಲದಲ್ಲಿ ವೈಟ್‌ಫೀಲ್ಡ್ ಎಂದರೆ ಎಕ್ಸ್‌ಪ್ರೆಸ್ಸಿಗಾಗಿ ಕಾಯುವ ಜಾಗ, ಕಡಲೆಕಾಯಿ ತಿಂದು ಸಿಪ್ಪೆ ಎಸೆಯುವ ಜಾಗ. ಈಗ ಗಾಡಿಯ ಬಹುಪಾಲು ಜನ ಅಲ್ಲೇ ಇಳಿದುಬಿಡುತ್ತಾರೆ. 2023ರ ಮಾರ್ಚಿನಲ್ಲಿ ಅಲ್ಲಿಗೆ ಮೆಟ್ರೋ ಬಂತು, ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿಗೆ ಉಳಿದಿದ್ದ ತುಂಡು ಅದೇ ವರ್ಷದ ಅಕ್ಟೋಬರಿನಲ್ಲಿ ಕೂಡಿಕೊಂಡಿತು. ನಡುವೆ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು.

ಕೋಲಾರಕ್ಕೇ ಈಗ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂದಿದೆ. ಮಾಲೂರಿನಲ್ಲೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ. ಬೆಳಗಿನ ಬಸ್ಸಿನಲ್ಲಿ ನೋಡಿದರೆ ಹುಡುಗಿಯರೇ ತುಂಬಿರುತ್ತಾರೆ, ಕಾಲೇಜಿನವರು, ಫ್ಯಾಕ್ಟರಿಯವರು. ಯಾರ ಅಣ್ಣನೂ ಜೊತೆಯಲ್ಲಿರುವುದಿಲ್ಲ. ಮೊದಲ ಸಲ ಆ ಬಸ್ಸನ್ನು ನೋಡಿದಾಗ ಸಂತೋಷವಾಯಿತು ಎಂದರೆ ಅರ್ಧ ಮಾತಾಯಿತು. 1985ರ ಆ ಕಾಗದದಲ್ಲಿ ಅಪ್ಪ ಪಟ್ಟಿ ಮಾಡಿದ್ದ ಅಡ್ಡಿಗಳು ಒಂದೊಂದಾಗಿ ಕಣ್ಣ ಮುಂದೆ ಕರಗಿಹೋಗಿದ್ದವು, ಅವಳೊಬ್ಬಳಿಗೆ ತಡ ಮಾಡಿ.

ಜಗಲಿಯ ಮೇಲೆ ಹುಡುಗಿ ಇನ್ನೂ ಕಾದಿದ್ದಳು. ‘ಎಂಗಿತ್ತು?’ ಎಂಬುದಕ್ಕೆ ಉತ್ತರ ಬೇಕಿತ್ತು.

“ಮೂರು ವರ್ಷ ಅಲ್ಲಮ್ಮ,” ಅಂದೆ. “ಒಂದೂವರೆ ವರ್ಷ. ಆಮೇಲೆ ರೂಮು ಮಾಡಿದೆ.”

ಹುಡುಗಿ ಕಣ್ಣರಳಿಸಿದಳು. ಅವಳಮ್ಮ ಗೋಡೆಗೆ ಒರಗಿದವಳು ಎದ್ದು ಕೂತಳು. ರೂಮು ಮಾಡಿದ್ದು ಒಳ್ಳೆಯದೇ ಆಯಿತು, ಓದು ಹತ್ತಿತು, ಆದ್ದರಿಂದ ಪಿ.ಜಿ.ಯೇ ಸರಿ, ದುಡ್ಡಿಗೆ ನಾನೂ ಕೈ ಹಚ್ಚುತ್ತೇನೆ ಎಂದು ಒಂದೇ ಉಸಿರಿನಲ್ಲಿ ತೀರ್ಪು ಕೊಟ್ಟೆ. ಸಾಲ ತೀರಿಸುವವನ ಅವಸರ ಅದು. ಹಳೆಯ ಕಾರ್ಡಿನ ಬೆಲೆ ತಿಂಗಳಿಗೆ 8,500 ಎಂದು ಯಾರೋ ಹೇಳಿದ ಹಾಗೆ.

ಹುಡುಗಿಗೆ ಅದು ರುಚಿಸಲಿಲ್ಲ. ಅವಳಿಗೆ ಅವಳದೇ ಯೋಚನೆಗಳಿದ್ದವು. ಹಾಸ್ಟೆಲಿನ ಪಟ್ಟಿ ಬರಲು ಇನ್ನೂ ತಿಂಗಳುಗಳು ಬೇಕು, ಅಲ್ಲಿಯವರೆಗೆ ಅಪ್ ಅಂಡ್ ಡೌನ್ ಮಾಡಿ ನೋಡುತ್ತೇನೆ, ರೈಲಿನಲ್ಲಿ ಮೊಬೈಲಲ್ಲೇ ಓದಬಹುದು, ಸೀಟು ಸಿಕ್ಕರೆ ಆಗ ಹೋಗುತ್ತೇನೆ ಅಂದಳು. ಅವಳಮ್ಮ, “ರಾತ್ರಿ ಎಷ್ಟೊತ್ತಾಗುತ್ತೋ,” ಅಂದಳು. ನಾನು ಮತ್ತೆ ಹಾಜರಿಯ ಕತೆ ತೆಗೆದೆ. ಮೂವರೂ ಒಟ್ಟಿಗೆ ಮಾತಾಡತೊಡಗಿದೆವು.

ಮೊರದ ಸದ್ದು ನಿಂತಿತು.

“ಅಲ್ಲ, ಎಲ್ರೂ ಅವ್ಳನ್ನೇ ಕೇಳ್ತಾ ಇದ್ದೀರ,” ಅಂದಳು ತಂಗಿ. “ಐದೂವರೆ ಬಸ್ಸಿಗೆ ಅವ್ಳು ಓಗ್ಬೇಕು ಅಂದ್ರೆ ನಾಕು ಗಂಟೆಗೆ ಎದ್ದು ಬುತ್ತಿ ಕಟ್ಟೋಳು ಯಾರು? ಅವರಮ್ಮಂದು ಶಿಫ್ಟು. ನಾನ್ತಾನೆ? ನನ್ನ ಯಾರಾದ್ರೂ ಕೇಳಿದ್ರಾ?”

ನಾನು ಯಾರ ಮುಖವನ್ನೂ ನೋಡಲಿಲ್ಲ. ಒಲೆಯ ಮುಂದಿನ ಅಮ್ಮ, ಕೊಟ್ಟಿಗೆಯ ಲಾಟೀನು, ‘ಏನಮ್ಮಾ ಇದು’ ಎಂದು ಮಗ್ಗುಲು ಬದಲಿಸಿದ ಹುಡುಗ, ಎಲ್ಲ ಒಟ್ಟಿಗೆ ಬಂದು ಜಗಲಿಯ ಮೇಲೆ ಕೂತ ಹಾಗಾಯಿತು. ಹುಡುಗಿ ಮೊಬೈಲು ತೆಗೆದು ‘ದಿನಕ್ಕೆ 5 ಗಂಟೆ’ಯ ಕೆಳಗೆ ಏನೋ ಒತ್ತಿದಳು. ಇಣುಕಿ ನೋಡಿದೆ. ‘ಅಜ್ಜಿ 4 ಗಂಟೆಗೆ’ ಎಂದಿತ್ತು.

“ಸರಿ ಅಜ್ಜಿ, ಈಗ ಕೇಳ್ತೀನಿ. ಎದ್ದೇಳ್ತೀಯಾ?”

“ಏಳ್ತೀನಿ. ಏಳಲ್ಲ ಅಂದ್ನಾ? ಕೇಳ್ಬೇಕು ಅಂದೆ.” ತಂಗಿ ಕಾಳಿನಲ್ಲಿದ್ದ ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದಳು. “ಹಾಸ್ಟೆಲು ಸಿಗೋಗಂಟ ಓಗಿ ಬಾ. ಸಿಕ್ಕಿದ್ ದಿನವೇ ಓಗ್ಬಿಡು, ತಿರುಗಿ ನೋಡ್ಬೇಡ. ಆದ್ರೆ ಮೊದಲ್ನೇ ದಿನ ನಾನೂ ಬತ್ತೀನಿ ನಿನ್ ಜೊತೆ. ಆ ರೈಲು, ಆ ಕಾಲೇಜು, ಎಲ್ಲೈತೆ ಅಂತ ನೋಡ್ಕೊಂಡು ಬತ್ತೀನಿ.”

ಹುಡುಗಿ ನಕ್ಕಳು. ನನಗೆ ನಗಲಾಗಲಿಲ್ಲ. ಈ ನಲವತ್ತು ವರ್ಷಗಳಲ್ಲಿ ಆ ಕಾರ್ಡಿನ ಮಾತು ನಮ್ಮಿಬ್ಬರ ನಡುವೆ ಒಮ್ಮೆಯೂ ಬಂದಿಲ್ಲ. ಅವತ್ತೂ ಬರಲಿಲ್ಲ. ತರಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ನನ್ನ ಕಡೆ ತಿರುಗಿದಳು.

“ಅಣ್ಣ, ರೈಲಾಗೆ ಯಾವ್ ಕಡೆ ಕೂತ್ರೆ ಬಿಸ್ಲು ಬರಲ್ಲ?”

ಅವಳು ನನ್ನನ್ನು ಕೇಳಿದ ಎರಡನೆಯ ಪ್ರಶ್ನೆ ಅದು. ಇದಕ್ಕಾದರೂ ಸರಿಯಾದ ಉತ್ತರ ನನ್ನಲ್ಲಿತ್ತು.

“ಯಾವ ಕಡೆ ಕೂತರೂ ಬರಲ್ಲಮ್ಮ,” ಅಂದೆ. “ಹೋಗುವಾಗ ಬೆನ್ನಿಗೆ, ಬರುವಾಗಲೂ ಬೆನ್ನಿಗೇ.”